ಕ್ರೇನಿನ ಸೊಂಟ

ಗಂಡನ ಅಂಗಿಯ ನಾಲ್ಕನೆಯ ಗುಂಡಿ ಉಸಿರು ಬಿಗಿಹಿಡಿದು ನಿಂತಿರುವುದು ಟೈಲರಮ್ಮನ ಕಣ್ಣಿಗೆ ಬಿದ್ದದ್ದು ಅವನು ಕೆಲಸಕ್ಕೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ. ಗುಂಡಿಯ ಎರಡೂ ಪಕ್ಕ ಬಟ್ಟೆ ಬೆಕ್ಕಿನ ಮೀಸೆಯ ಹಾಗೆ ಸುಕ್ಕುಗಟ್ಟಿತ್ತು. ಅಂಥ ಸುಕ್ಕನ್ನು ಅವಳು ಗಿರಾಕಿಗಳ ಮೈಮೇಲೆ ಎಷ್ಟೋ ಸಲ ನೋಡಿದ್ದಳು. ಸೊಂಟ ಬೆಳೆದಿದೆ, ಅಂಗಿ ಬೆಳೆದಿಲ್ಲ. ಅಷ್ಟೇ ಅದರ ಅರ್ಥ.

"ಒಂದು ನಿಮಿಷ ನಿಲ್ರೀ," ಎಂದಳು.

"ಯಾಕೆ?"

"ಸುಮ್ನೆ. ನೋಡ್ತೀನಿ."

ಅವನು ನಿಂತ. ಅವಳ ನೋಟ ಕಾಲರಿನಿಂದ ಇಳಿಯುತ್ತಾ ಸೊಂಟಕ್ಕೆ ಬಂದದ್ದೇ ತಡ, ಅವನ ಕಿವಿ ಕೆಂಪಾದವು. ಬಗ್ಗಲೂ ಇಲ್ಲ, ಇನ್ನೊಂದು ಚಪ್ಪಲಿಯನ್ನು ಕಾಲಿನಿಂದಲೇ ತಡಕಾಡಿ ಮೆಟ್ಟಿಕೊಂಡು "ಲೇಟಾಯ್ತು" ಎಂದು ಹೊರಟೇ ಹೋದ.

ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲೇ ದಪ್ಪಗಾಗಿದ್ದಾನೆ ಎಂದರೆ ತನ್ನ ಅಡುಗೆ ಮೈಗೆ ಹಿಡಿದಿದೆ ಎಂದಾಯಿತು. ಮೂವತ್ತೊಂಬತ್ತಕ್ಕೆ ಮದುವೆಯಾದವಳಿಗೆ ಅದೇನು ಸಣ್ಣ ಸುದ್ದಿಯಲ್ಲ. ಆ ಮಧ್ಯಾಹ್ನ ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು, ಅವನ ಅಂಗಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಳು. ಪಕ್ಕದ ಹೊಲಿಗೆ ಬಿಚ್ಚಿದಳು, ಒಳಗೆ ಮಡಚಿದ್ದ ಬಟ್ಟೆ ಬಿಟ್ಟಳು, ಎರಡೂ ಕಡೆ ಒಂದೊಂದು ಇಂಚು ಸಡಿಲ ಮಾಡಿದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಪಾಪ, ನಾಚಿಕೊಳ್ಳುತ್ತಾನೆ.

ಟೇಪು ಹಿಡಿದು ಅಳೆಯಬಹುದಿತ್ತು. ಬೇರೆಯವರ ಸೊಂಟಕ್ಕೆ ದಿನವಿಡೀ ಟೇಪು ಸುತ್ತುವವಳು ತನ್ನ ಗಂಡನ ಸೊಂಟಕ್ಕೆ ಕೈ ಹಾಕಲು ಹೆದರಿದಳು. ಹಾಗೆ ಹೆದರಿದ್ದಕ್ಕೆ ಅವಳಿಗೇ ನಾಚಿಕೆಯಿತ್ತು.

ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಕಿದ್ದಳು. ಪಕ್ಕದಲ್ಲಿ ಮಲಗಿದ್ದವನ ಮೇಲೆ ಧೈರ್ಯ ಮಾಡಿ ತೋಳು ಚಾಚಿದ್ದಳು. ಅವನು ಕೆಂಡ ತಾಗಿದವನಂತೆ ಹಲ್ಲು ಕಚ್ಚಿ "ಬೇಡ" ಎಂದಿದ್ದ. ಆಮೇಲೆ ಎದ್ದು, ಹೊರಗಿನ ಕೋಣೆಗೆ ಹೋಗಿ ನೆಲದ ಮೇಲೆ ಮಲಗಿದ. ಅಂದಿನಿಂದ ಅವನ ಹಾಸಿಗೆ ಅಲ್ಲೇ. ಕೇಳಿದರೆ "ಒಳಗೆ ಸೆಕೆ" ಎನ್ನುತ್ತಾನೆ. ಫ್ಯಾನ್ ಇರುವುದು ಒಳಗೆ.

ಗಿರಾಕಿಗಳಿಗೆಂದು ಗೋಡೆಗೆ ಒರಗಿಸಿದ್ದ ಉದ್ದ ಕನ್ನಡಿಯ ಮುಂದೆ ಅವಳು ಆಗಾಗ ನಿಲ್ಲುತ್ತಿದ್ದಳು. ಕತ್ತಿನ ಮೇಲೆ ಚಿಕ್ಕಂದಿನಲ್ಲಿ ಸುಟ್ಟ ಕಲೆ. ಮೆಷಿನ್ ತುಳಿದು ತುಳಿದು ಗಟ್ಟಿಯಾದ ಮೀನಖಂಡ. ಸೂಜಿ ಚುಚ್ಚಿ ಒರಟಾದ ಬೆರಳ ತುದಿ. ಇದನ್ನು ನೋಡಿದರೆ ಯಾರು ತಾನೇ "ಬೇಡ" ಅನ್ನುವುದಿಲ್ಲ ಎಂದುಕೊಂಡು ಸೆರಗನ್ನು ಕತ್ತಿನವರೆಗೆ ಎಳೆದುಕೊಳ್ಳುತ್ತಿದ್ದಳು.

ಹಾಗಂತ ಅವನು ಮೊದಲಿನಿಂದಲೂ ಹೀಗಿರಲಿಲ್ಲ.

ಅವನ ಕೆಲಸ ಮನೆ ಸಾಗಿಸುವುದು. ಬೀರು, ಸೋಫಾ, ಫ್ರಿಜ್ಜು, ಹಳೆಯ ಮನೆಯಿಂದ ಬಿಚ್ಚಿ ಹೊಸ ಮನೆಯಲ್ಲಿ ಜೋಡಿಸುವ ತಂಡಕ್ಕೆ ಅವನು ಮೇಸ್ತ್ರಿ. ಹುಡುಗನಾಗಿದ್ದಾಗ ಒಬ್ಬನೇ ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತು ಐದು ಮಹಡಿ ಹತ್ತಿದ್ದನಂತೆ. ಅಂದಿನಿಂದ ಅವನ ಹೆಸರೇ ಕ್ರೇನ್. ಟೈಲರಮ್ಮ ಅಕ್ಕನ ಮನೆಯಿಂದ ಬೇರೆ ಅಂಗಡಿಕೋಣೆಗೆ ಹೋಗುವಾಗ ಸಾಮಾನು ಸಾಗಿಸಲು ಬಂದವನು ಅವನೇ. ಆಳುಗಳು ಮೆಷಿನ್, ಕಪಾಟು ಹೊತ್ತು ಏದುಸಿರು ಬಿಡುತ್ತಿದ್ದರೆ ಇವನು ದಾರದ ಉಂಡೆಗಳ ಡಬ್ಬ ಹಿಡಿದುಕೊಂಡು ಬಾಗಿಲ ಅಗಲ ನೋಡುತ್ತಾ "ಓರೆ ಮಾಡ್ರೋ, ಓರೆ ಮಾಡಿ" ಎನ್ನುತ್ತಿದ್ದ.

"ಕ್ರೇನ್ ಎತ್ತೋದು ಇಷ್ಟೇನಾ?" ಎಂದು ಅವಳು ಕೇಳಿದ್ದಳು, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ.

"ದಾರ ಅಂದ್ರೆ ಹಗುರ ಅನ್ಕೊಂಡ್ರಾ? ಎಷ್ಟು ಜನರ ಮಾನ ಇದೆ ಇದರಲ್ಲಿ," ಎಂದು ಅವನು ನಕ್ಕಿದ್ದ. ನಕ್ಕವನು ನೋಡುತ್ತಲೇ ಉಳಿದ. ಬೀರು ಬಾಗಿಲಿಗೆ ಸಿಕ್ಕಿಕೊಂಡು ಆಳುಗಳು ಕಿರುಚುವವರೆಗೂ ನೋಡುತ್ತಿದ್ದ. ಮಾರನೆಯ ವಾರ ಹರಿಯದ ಅಂಗಿ ತಂದು "ಸ್ವಲ್ಪ ಹೊಲಿದುಕೊಡಿ" ಎಂದ. ಅದರ ಮಾರನೆಯ ವಾರ ಅಕ್ಕನ ಮನೆಗೇ ಹೋಗಿ ಹೆಣ್ಣು ಕೇಳಿದ.

ಅಕ್ಕ ಮಾತು ಮುಚ್ಚಿಡುವವಳಲ್ಲ. "ವಯಸ್ಸು ನಲವತ್ನಾಲ್ಕು ಅಂತೀರಿ. ಆರೋಗ್ಯ ಹೆಂಗಪ್ಪಾ? ಮುಂದೆ ನಮ್ಮ ಹುಡುಗಿ ನಿಮ್ಮನ್ನ ಎತ್ತಿ ಕೂರಿಸೋ ಹಾಗಾಗಬಾರದು," ಎಂದಳು.

"ಕಲ್ಲುಗುಂಡಿನ ಹಾಗಿದೀನಿ ಅಕ್ಕ," ಎಂದಿದ್ದ ಅವನು.

ಆ ಕಲ್ಲುಗುಂಡು ಈಗ ಹೊರಗಿನ ಕೋಣೆಯ ನೆಲದ ಮೇಲೆ ಮಲಗುತ್ತಿತ್ತು. ಮೈಯೆಲ್ಲ ನೋವಿನ ಮುಲಾಮಿನ ವಾಸನೆ. "ಹುಡುಗರು ಬಳ್ಕೋತಾರೆ, ಗಾಡಿ ತುಂಬಾ ಅದೇ ಗಮಲು" ಎನ್ನುತ್ತಿದ್ದ. ಅವಳನ್ನು ಈಗಲೂ "ನೀವು" ಎಂದೇ ಕರೆಯುತ್ತಿದ್ದ.

ಭಾನುವಾರ ಅವನು ಸ್ನಾನ ಮುಗಿಸಿ, ಅವಳು ಸಡಿಲ ಮಾಡಿದ ನೀಲಿ ಅಂಗಿ ತೊಟ್ಟು ಬಂದ. ಟೈಲರಮ್ಮ ಕತ್ತರಿ ಕೆಳಗಿಟ್ಟಳು. ಅಂಗಿ ಅವನ ಮೇಲೆ ಹ್ಯಾಂಗರಿಗೆ ನೇತುಹಾಕಿದ ಹಾಗೆ ಜೋಲುತ್ತಿತ್ತು. ಸೊಂಟದ ಬಳಿ ಇನ್ನೊಬ್ಬರು ಹೊಗಬಹುದಿತ್ತು.

"ಇದೇನ್ರೀ ಇದು?"

ಅವನೂ ಅಂಗಿಯನ್ನು ಹಿಡಿದು ನೋಡಿಕೊಂಡ. "ಕರಗ್ತಾ ಇದೀನಿ ಅನ್ಸುತ್ತೆ. ನಾನೇ ಎರಡು ದಿನದಿಂದ ಅಂದ್ಕೊಳ್ತಿದೀನಿ."

ಸೋಮವಾರ ಬೆಳಗ್ಗೆ ಅದೇ ಅಂಗಿ ಮೈಗೆ ಅಳತೆ ತೆಗೆದಂತೆ ಕೂತಿತ್ತು. ಸಂಜೆ ಕೈಕಾಲು ತೊಳೆದು ಬಂದಾಗ ಮತ್ತೆ ಜೋಲು. ಇಪ್ಪತ್ತು ವರ್ಷ ಕತ್ತರಿ ಹಿಡಿದವಳಿಗೆ ಇದು ಅವಮಾನ. ಕಣ್ಣಳತೆ ಕೆಟ್ಟಿತೋ, ಇಲ್ಲ ಇವನೇ ಏನೋ ಮುಚ್ಚಿಡುತ್ತಿದ್ದಾನೋ? ಬೆಳಗ್ಗೆ ಒಂದು ಮೈ, ಸಂಜೆ ಒಂದು ಮೈ ಯಾವ ಗಂಡಸಿಗಿರುತ್ತದೆ? ತಲೆ ಎಲ್ಲೆಲ್ಲಿಗೋ ಓಡಿತು. ಕೊನೆಗೆ ಬಾಯಿಗೆ ಬಂದದ್ದು ಟೈಲರ್ ಆಗಿರುವ ಹೆಂಡತಿ ಮಾತ್ರ ಕೇಳಬಹುದಾದ ಪ್ರಶ್ನೆ.

"ಬೇರೆ ಯಾರ ಹತ್ರಾನಾದ್ರೂ ಹೊಲಿಸ್ತಿದೀರಾ?"

"ಏನು?"

"ನನ್ನ ಬಿಟ್ಟು ಬೇರೆ ಕಡೆ ಹೋಗ್ತಿದೀರಾ ಅಂತ ಕೇಳ್ದೆ."

ಅವನು ತಲೆ ತಗ್ಗಿಸಿದ. ಮುಖ ಹಳೆಯ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. "ಹಾಗೇನಿಲ್ಲ" ಎಂದ, ನೆಲ ನೋಡುತ್ತಾ. ಸುಳ್ಳು ಹೇಳುವವರ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತು. ಇದು ಅದೇ ಮುಖ. ತನ್ನನ್ನು ನೋಡಿ ಬೇಡವೆಂದವನಿಗೆ ಇನ್ನೆಲ್ಲೋ ಬೇಕಾದದ್ದು ಇದೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

ಮಾರನೆಯ ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿದಳು. "ಸ್ವಲ್ಪ ದಿನ ಬರ್ತೀನಿ ಕಣಕ್ಕ."

"ಸ್ವಲ್ಪ ದಿನ ಅಂದ್ರೆ?"

"ಮೆಷಿನ್ ತರ್ತೀನಿ."

 ಮೆಷಿನ್ ತರುತ್ತೇನೆ ಎಂದರೆ ಸ್ವಲ್ಪ ದಿನವಲ್ಲ ಎಂದು ಅಕ್ಕನಿಗೆ ಬಿಡಿಸಿ ಹೇಳಬೇಕಿರಲಿಲ್ಲ. "ಸಂಜೆ ವ್ಯಾನ್ ತಗೊಂಡು ಬರ್ತೀನಿ. ರೆಡಿ ಇರು," ಎಂದಳು.

ಸಂಜೆ ಅವನು ಬೇಗ ಬಂದ. ಬ್ಯಾಗು ತುಂಬಿಟ್ಟಿದ್ದನ್ನು ನೋಡಿದ. ಸ್ಟ್ಯಾಂಡಿನಿಂದ ಬಿಚ್ಚಿ ಮರದ ಪೆಟ್ಟಿಗೆಯಲ್ಲಿಟ್ಟ ಮೆಷಿನ್ ನೋಡಿದ.

"ಅಕ್ಕನ ಏರಿಯಾದಲ್ಲಿ ಸ್ಕೂಲ್ ಯೂನಿಫಾರ್ಮ್ ಆರ್ಡರ್ ಬಂದಿದೆ," ಎಂದಳು ಅವಳು.

"ಓಹೋ."

"ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."

"ಹೂಂ. ಹೋಗಿ ಬನ್ನಿ."

ಬೇಡ ಎನ್ನುತ್ತಾನೇನೋ ಎಂದು ಅವಳು ಕಾದಿದ್ದಳು. ಎಲ್ಲಕ್ಕೂ ಬೇಡ ಎನ್ನುವವನು ಇದಕ್ಕೊಂದು ಬೇಡ ಎನ್ನಲಿಲ್ಲ. 

"ಮೆಷಿನ್ ಕೆಳಗೆ ಇಳಿಸಿಕೊಡಿ. ಅಕ್ಕ ಬರೋ ಹೊತ್ತಾಯ್ತು."

"ಹುಡುಗರನ್ನ ಕರೀತೀನಿ."

"ಹೆಂಡತಿ ಮೆಷಿನ್ ಎತ್ತೋಕೂ ಹುಡುಗರು ಬೇಕಾ? ಊರೆಲ್ಲ ಕ್ರೇನ್ ಅನ್ನುತ್ತೆ. ನನಗೆ ಮಾತ್ರ ಎತ್ತೋಕೆ ಕಷ್ಟನಾ?"

ಚುಚ್ಚಬೇಕೆಂದೇ ಆಡಿದ ಮಾತು. ಚುಚ್ಚಿತು.  ಅವನು ಪೆಟ್ಟಿಗೆಯ ಮುಂದೆ ನಿಂತು, ಆಳದ ನೀರಿಗೆ ಹಾರುವವನ ಹಾಗೆ ಒಮ್ಮೆ ಉಸಿರೆಳೆದುಕೊಂಡು ಎತ್ತಿದ.

ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ. ಅವಳು ಬ್ಯಾಗು ಹಿಡಿದು ಹಿಂದೆ ಇಳಿದಳು. ಮೊದಲ ತಿರುವಿನಲ್ಲಿ ಅವನು ನಿಂತ. ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಡಲು ಬಗ್ಗಿದ, ಇಟ್ಟ. ಆದರೆ ಏಳಲಿಲ್ಲ. ಅರ್ಧ ಬಗ್ಗಿದವನು ಹಾಗೇ ಹಣೆಯನ್ನು ಗೋಡೆಗೆ ಆನಿಸಿ ಉಳಿದ.

"ಏನಾಯ್ತು?"

"ಏನಿಲ್ಲ."

"ಮತ್ತೆ ಏಳಿ."

"ಏಳ್ತೀನಿ."

ಏಳಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಮೇಲ್ಮನೆಯ ಮೇಷ್ಟ್ರು ತರಕಾರಿ ಚೀಲ ಹಿಡಿದು ಹತ್ತುತ್ತಾ ಬಂದರು. ರಿಟೈರಾದ ಮೇಲೆ ಅವರಿಗೆ ಎಲ್ಲರ ವಿಷಯಕ್ಕೂ ಸಮಯವಿತ್ತು. "ಏನ್ರೀ ಕ್ರೇನು, ಗೋಡೆ ಹತ್ರ ಏನು ಗುಟ್ಟು?"

"ಬಿರುಕು ಬಿಟ್ಟಿದೆ ಮೇಷ್ಟ್ರೇ. ನೋಡ್ತಿದೀನಿ," ಎಂದ ಕ್ರೇನ್, ಗೋಡೆಯೊಳಗಿನಿಂದ ಮಾತಾಡಿದ ಹಾಗೆ.

ಮೇಷ್ಟ್ರು ಗಾಬರಿಯಾದರು. ಅವರೂ ಬಗ್ಗಿದರು. "ಎಲ್ಲಿ? ನನಗೆ ಕಾಣ್ತಿಲ್ವಲ್ಲ?"

"ಸಣ್ಣದು."

"ಸಣ್ಣದೇ ದೊಡ್ಡದಾಗೋದು ಕಣಪ್ಪ. ಇರಿ, ಕನ್ನಡಕ ತರ್ತೀನಿ." ಮೇಷ್ಟ್ರು ಎರಡೆರಡು ಮೆಟ್ಟಿಲು ದಾಟುತ್ತಾ ಮೇಲೆ ಓಡಿದರು.

ಟೈಲರಮ್ಮ ಬಗ್ಗಿ ಗಂಡನ ಮುಖ ನೋಡಿದಳು. ಅವನ ಮೂಗಿನ ತುದಿಯಿಂದ ಹನಿ ಬೀಳುತ್ತಿತ್ತು. ಬೆವರೋ ಕಣ್ಣೀರೋ, ಎರಡೂ ಸೇರಿತ್ತೋ. ಅವಳು ಬ್ಯಾಗು ಕೆಳಗೆ ಹಾಕಿ ಅವನ ಸೊಂಟ ಹಿಡಿದಳು. ಕೈಗೆ ಮೈ ಸಿಗಲಿಲ್ಲ. ಗಟ್ಟಿ ಪಟ್ಟಿ ಸಿಕ್ಕಿತು, ಪಟ್ಟಿಯೊಳಗೆ ಕಡ್ಡಿಗಳು. ಬಟ್ಟೆಯ ಮೇಲಿನಿಂದಲೇ ಒಳಗೇನಿದೆ ಎಂದು ತಿಳಿಯುವ ಬೆರಳು ಅವಳದು.

ಬೆಳಗ್ಗೆ ಒಂದು ಮೈ, ಸಂಜೆ ಒಂದು ಮೈ. ನೋವಿಗೆ ಕಟ್ಟುವ ಬೆಲ್ಟು. ಅವಳು ಹೊಲಿಗೆ ಬಿಚ್ಚಿ ಜಾಗ ಮಾಡಿಕೊಟ್ಟದ್ದು ಇದಕ್ಕೆ.

"ಎಷ್ಟು ದಿನದಿಂದ ಇದು?"

"ಆಮೇಲೆ ಹೇಳ್ತೀನಿ. ಮೇಷ್ಟ್ರು ಬರ್ತಾರೆ."

"ಬರಲಿ. ನನ್ನ ಹೆಗಲು ಹಿಡ್ಕೊಳ್ಳಿ." ಅವಳು ಅವನನ್ನು ತಿರುಗಿಸಲು ನೋಡಿದಳು.

"ಅಯ್ಯೋ, ಎಳೀಬೇಡ ಕಣೇ! ಸತ್ತೆ!"

ಎಳೀಬೇಡ ಕಣೇ. ಅಂಥ ಹೊತ್ತಿನಲ್ಲೂ ಅದು ಅವಳ ಕಿವಿಗೆ ಇಂಪಾಗಿ ಕೇಳಿತು. ಇಂಪಾಗಿ ಕೇಳಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆ ಮನುಷ್ಯನಿಗೆ ಪ್ರಾಣ ಹೋಗುತ್ತಿದೆ, ತನಗೆ ಸರಸ.

ಒಂದು ಕೈ ಕಂಬಿಗೆ, ಒಂದು ಕೈ ಅವಳ ಹೆಗಲಿಗೆ. ಒಂದೊಂದೇ ಮೆಟ್ಟಿಲು ಮೇಲೆ ಹತ್ತಿಸಿಕೊಂಡು ಬಂದಳು. ಮಂಚಕ್ಕೆ ಹೋಗಲು ಬಿಡಲಿಲ್ಲ. ಹೊರಗಿನ ಕೋಣೆಯಲ್ಲೇ ಚಾಪೆ ಹಾಸಿ, ಮೊದಲು ಮಂಡಿಯೂರಿಸಿ, ಆಮೇಲೆ ಮಗ್ಗುಲಾಗಿಸಿ, ಆಮೇಲೆ ಬೆನ್ನ ಮೇಲೆ ಮಲಗಿಸಿದಳು. ಕುರ್ಚಿ ಎಳೆದು ಎರಡೂ ಮೀನಖಂಡ ಅದರ ಮೇಲಿಟ್ಟಳು. ಮಂಡಿ ಮಡಚಿ, ಕೂತವನನ್ನು ಹಾಗೇ ಹಿಂದಕ್ಕೆ ಉರುಳಿಸಿದ ಹಾಗೆ. ಬೆಲ್ಟನ್ನು ಪರ್ರೆಂದು ಬಿಚ್ಚಿ ಮೂಲೆಗೆಸೆದಳು.

"ಕಾಲ್ಬೆರಳು ಆಡಿಸಿ."

ಆಡಿಸಿದ.

"ಜೋಮು? ಕಾಲಲ್ಲಿ ಶಕ್ತಿ ಇಲ್ಲ ಅನ್ಸುತ್ತಾ?"

"ಇಲ್ಲ."

"ಒಂದಕ್ಕೆ ಹೋಗೋಕೆ ತೊಂದರೆ ಏನಾದ್ರೂ?"

"ಛೀ! ಅದನ್ನೆಲ್ಲ ಕೇಳ್ತೀರಾ?"

"ಕೇಳ್ತೀನಿ. ಅಂಥದ್ದಿದ್ರೆ ಚಾಪೆ ಗೀಪೆ ಅಲ್ಲ, ನೇರ ಆಸ್ಪತ್ರೆಗೆ. ಬಾಯಿಬಿಟ್ಟು ಹೇಳಿ."

"ಇಲ್ಲ ಮಾರಾಯ್ತಿ, ಎಲ್ಲ ಸರಿ ಇದೆ," ಎಂದು ಅವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.

ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಸೊಂಟದ ಕೆಳಗೆ ಮೆಲ್ಲಗೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಅವನ ದವಡೆ ಸಡಿಲಾಯಿತು.

"ಇದೆಲ್ಲ ಹೇಗೆ ಗೊತ್ತು?"

"ಮೆಷಿನ್ ಮುಂದೆ ಬಗ್ಗಿ ಕೂತವಳಿಗೆ ಸೊಂಟ ಇರಲ್ವಾ? ಫಿಸಿಯೋ ಮೇಡಂ ಒಬ್ರು ನನ್ನ ಗಿರಾಕಿ. ಗಂಟೆಗಟ್ಟಲೆ ಕೂರಬೇಡ, ಎದ್ದು ಓಡಾಡು ಅಂತ ಬೈದು ಬೈದು ಕಲಿಸಿದ್ರು. ಮಧ್ಯಾಹ್ನ ನೀವು ಇಲ್ಲದಾಗ ನಾನೂ ಹೀಗೇ ಮಲಗ್ತೀನಿ."

"ಹೇಳಲೇ ಇಲ್ಲ?"

"ಅಕ್ಕ ಬೇಡ ಅಂದ್ಲು. ಬಂದ ಹೊಸದ್ರಲ್ಲೇ ನೋವು ಗೀವು ಅಂದ್ರೆ ಮುದುಕಿ ಕಟ್ಕೊಂಡೆ ಅನ್ಕೋತಾರೆ ಅಂದ್ಲು. ನೀವು ಯಾಕೆ ಹೇಳಲಿಲ್ಲ?"

ಅವನು ಚಾವಣಿ ನೋಡಿದ. ಮಾತು ಹುಡುಕುವವನಂತೆ ಅಲ್ಲಿನ ಫ್ಯಾನಿಲ್ಲದ ಕೊಕ್ಕೆಯನ್ನೇ ನೋಡಿದ.

"ಎರಡು ವರ್ಷ ಆಯ್ತು. ಒಂದು ಬೀರು ಜಾರ್ತು, ಹಿಡಿಯೋಕೆ ಹೋದೆ. ಅವತ್ತಿಂದ ನಾನು ಎತ್ತಿದ್ದು ಡಬ್ಬ, ದಿಂಬು, ಹೂಕುಂಡ. ಹುಡುಗರಿಗೆ ಗೊತ್ತಾದ್ರೆ ನಗ್ತಾರೆ. ನಿಮ್ಮಕ್ಕ ಕೇಳಿದಾಗ ಕಲ್ಲುಗುಂಡು ಅಂದ್ಬಿಟ್ಟೆ. ನಿಜ ಹೇಳಿದ್ರೆ ನಿಮ್ಮನ್ನ ಕೊಡ್ತಿರಲಿಲ್ಲ."

"ಕೊಡ್ತಿರಲಿಲ್ಲ," ಎಂದು ಅವಳು ಒಪ್ಪಿಕೊಂಡಳು.

"ಅವತ್ತು ನೀವು ಕೈ ಹಾಕಿದ್ರಲ್ಲ... ಬೆಳಗ್ಗೆಯಿಂದ ನೋವು ಹಿಡಿದಿತ್ತು. ಬೇಡ ಅಂದಿದ್ದು ನೋವಿಗೆ. ಆಮೇಲೆ ಅದನ್ನ ಹೇಗೆ ವಾಪಸ್ ತಗೊಳ್ಳೋದು ಗೊತ್ತಾಗಲಿಲ್ಲ. ಹೇಳಿದ್ರೆ, ಒಡೆದ ಮಾಲು ಡೆಲಿವರಿ ಮಾಡಿದಾನೆ ಅಂತಿದ್ರಿ."

ಅವಳಿಗೆ ನಗು ಬಂತು, ನಗಲಿಲ್ಲ. ಅವನ ಪಕ್ಕ ನೆಲದ ಮೇಲೆ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು.

"ನಾನೇನು ಅನ್ಕೊಂಡಿದ್ದೆ ಗೊತ್ತಾ? ನನ್ನ ಕಂಡ್ರೆ ನಿಮಗೆ ಅಸಹ್ಯ ಅಂತ."

ಅವನು ದಡಬಡ ಏಳಲು ಹೋಗಿ "ಅಮ್ಮಾ" ಎಂದು ಮತ್ತೆ ಬಿದ್ದ.

"ಏಳಬೇಡಿ ಅಂದ್ನಲ್ಲ!"

"ಅಸಹ್ಯನಾ? ಬೆಳಗ್ಗೆ ನಾನು ಒಂದೇ ಪೇಪರ್ ಎರಡೆರಡು ಸಲ ಯಾಕೆ ಓದ್ತೀನಿ ಅನ್ಕೊಂಡಿದೀರಾ? ನೀವು ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಗಿರಾಕಿಗೆ ಬೈತೀರಲ್ಲ, ಒಂದೂ ಬೀಳಲ್ಲ. ಅದನ್ನ ನೋಡೋಕೆ. ಆ ಕತ್ತು ಹೀಗೆ ಓರೆ ಮಾಡ್ತೀರಿ. ಆ ಕಲೆ ಕಾಣುತ್ತೆ. ಅದು ಎಲೆ ಥರ ಇದೆ."

ಅವಳ ಕೈ ತಾನಾಗಿ ಕತ್ತಿಗೆ ಹೋಯಿತು. ಮುಚ್ಚಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು. ಅವನು ಕೆಳಗಿನಿಂದ ನೋಡುತ್ತಿದ್ದ, ಅಂದು ಬೀರು ಬಾಗಿಲಿಗೆ ಸಿಕ್ಕಿಕೊಂಡಾಗ ನೋಡಿದ ಹಾಗೇ. ನೋಟ ತಪ್ಪಿಸಲು ಅವಳಿಗೆ ಮನಸ್ಸಾಗಲಿಲ್ಲ.

"ಮೆಷಿನ್ ಎತ್ತಿ ಅಂತ ನಾನು ಬೇಕಂತಲೇ ಅಂದಿದ್ದು," ಎಂದಳು. ದನಿ ಸಣ್ಣಗಾಗಿತ್ತು. "ನಿಮಗೆ ನೋವಾಗಲಿ ಅಂತ."

"ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಎತ್ತಿದ್ರಿ?"

"ನೀವು ವಾಪಸ್ ಬರಲ್ಲ ಅಂತಾನೂ ಗೊತ್ತಾಯ್ತು. ಹೋಗೋಳಿಗೆ ಒಂದಾದ್ರೂ ಎತ್ತಿಕೊಡೋಣ ಅನ್ನಿಸ್ತು."

 ಗಂಡಸಿನ ಸೊಂಟ ಮುರಿದು ಅವನ ಪ್ರೀತಿ ತಿಳಿದುಕೊಳ್ಳಬೇಕಾಯಿತಲ್ಲ ಎಂದು ಅವಳ ಮುಖವೆಲ್ಲ ಬಿಸಿಯಾಯಿತು. ಎಂದೂ ಇಷ್ಟು ನಾಚಿಕೆಪಟ್ಟಿರಲಿಲ್ಲ. ಆದರೆ ಈ ನಾಚಿಕೆಗೆ ಜೊತೆಯಿತ್ತು. ಪಕ್ಕದಲ್ಲಿ ಇನ್ನೊಬ್ಬ ಅಷ್ಟೇ ನಾಚಿಕೆಯಿಂದ ಕಾಲು ಮೇಲೆ ಮಾಡಿ ಮಲಗಿದ್ದ.

"ಸರ್ಕೊಳ್ಳಿ. ಮೆಲ್ಲಗೆ," ಎಂದಳು. ಇನ್ನೊಂದು ಕುರ್ಚಿ ಎಳೆದು, ಅವನ ಪಕ್ಕ ಮಲಗಿ, ತಾನೂ ಕಾಲು ಮೇಲಿಟ್ಟಳು. ಅವಳ ಒರಟು ಬೆರಳುಗಳ ನಡುವೆ ಅವನ ಬೆರಳು ಸಿಕ್ಕಿಕೊಂಡವು.

"ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸಿ ನಡೆಸ್ತೀನಿ. ಮಲಗೇ ಇದ್ರೆ ಇನ್ನೂ ಹಿಡ್ಕೊಳ್ಳುತ್ತೆ. ನಾಳೆ ಫಿಸಿಯೋ ಮೇಡಂ ಹತ್ರ. ದಿನವಿಡೀ ಬೆಲ್ಟ್ ಕಟ್ಕೊಂಡಿರಬೇಕಾ ಅಂತ ಅವರನ್ನೇ ಕೇಳೋಣ."

"ನಾಳೆ ನೀನು ಇಲ್ಲೇ ಇರ್ತೀಯಾ?"

ಅವಳು ಉತ್ತರ ಕೊಡುವ ಮೊದಲು ಹೊರಗೆ ಅಕ್ಕನ ಚಪ್ಪಲಿ ಸದ್ದು. ಹಿಂದೆಯೇ ಅಕ್ಕನ ದನಿ. "ಏನೇ ಇದು! ನಿನ್ನ ಮೆಷಿನ್ ಮೆಟ್ಟಿಲ ಮೇಲಿದೆ, ಬ್ಯಾಗು ಅಲ್ಲೇ ಬಿದ್ದಿದೆ. ಯಾರೋ ವಯಸ್ಸಾದವ್ರು ಟಾರ್ಚ್ ಬಿಟ್ಕೊಂಡು ಗೋಡೆ ತಡಕ್ತಾ ಇದಾರೆ. ಬಾಗಿಲು ತೆಗಿ, ವ್ಯಾನ್ ನಿಂತಿದೆ."

 ಟೈಲರಮ್ಮ ಗಂಡನ ಕೈಯಿಂದ ಬೆರಳು ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

"ಬಾಗಿಲು ಚಿಲಕ ಹಾಕಿಲ್ಲ, ಬನ್ನಿ ಅಕ್ಕ," ಎಂದು ಅವನೇ ಕೂಗಿದ.  ಕೆಮ್ಮಿ ಮತ್ತೆ ಕೂಗಿದ. "ನನಗೆ ಏಳೋಕಾಗಲ್ಲ. ಸೊಂಟ ಹೋಗಿದೆ. ಮದುವೆಗೆ ಮುಂಚೇನೇ ಹೋಗಿತ್ತು. ನಿಮಗೆ ಸುಳ್ಳು ಹೇಳಿದ್ದೆ."

ಬಾಗಿಲು ತೆರೆದ ಅಕ್ಕ ಹೊಸ್ತಿಲಲ್ಲೇ ನಿಂತಳು. ಎರಡು ಕುರ್ಚಿ, ನಾಲ್ಕು ಕಾಲು, ಚಾಪೆಯ ಮೇಲೆ ಪಕ್ಕಪಕ್ಕ ಎರಡು ಕೆಂಪು ಮುಖ. ಅವಳು ಒಬ್ಬರನ್ನು ನೋಡಿದಳು, ಇನ್ನೊಬ್ಬರನ್ನು ನೋಡಿದಳು. ಬೈಯಬೇಕೋ ನಗಬೇಕೋ ತಿಳಿಯದೆ ಕೊನೆಗೆ ತಂಗಿಯನ್ನೇ ಕೇಳಿದಳು.

"ನೀನೇನೇ? ಎದ್ದು ಬರ್ತೀಯೋ ಇಲ್ವೋ?"

ಟೈಲರಮ್ಮನ ಸೊಂಟ ಆ ಸಂಜೆ ಚೆನ್ನಾಗಿಯೇ ಇತ್ತು. ಹಾರಿ ಏಳಬಹುದಿತ್ತು.

"ನನಗೂ ಏಳೋಕಾಗ್ತಿಲ್ಲ ಕಣಕ್ಕ," ಎಂದಳು.